ಪೀಪಾಯಿಯ ಬೆನ್ನಿಗೊಂದು ಮೆತ್ತೆ

ಜನವರಿ 9

ಎಲೈ ಸೂಜಿ,

ಗಂಟೆ ಬಾರಿಸಲಿ! ಪರದೆ ಮೇಲೇಳಲಿ! ಎಂಟು ತಿಂಗಳು ನೇಪಥ್ಯದಲ್ಲಿ ಅಡಗಿದ್ದ ನಿನ್ನ ಅಣ್ಣ ಇದೋ ರಂಗಕ್ಕೆ ಬಂದಿದ್ದಾನೆ. ಫೋನು ಮಾಡೋಣವೆಂದರೆ ಮೂವತ್ತು ವರ್ಷ ಹೊಲಿಗೆ ಯಂತ್ರದ ಪಕ್ಕ ಕೂತು ಎರಡೂ ಕಿವಿಯನ್ನು ಅದಕ್ಕೇ ಕೊಟ್ಟುಬಿಟ್ಟಿದ್ದೀಯ. ಆದ್ದರಿಂದ ಈ ಕಾಗದ.

ಸವಾರಿ ಶಾಲೆ ನಡೆಯುತ್ತಿದೆ. ನಾಲ್ಕು ಕುದುರೆ, ಹನ್ನೆರಡು ಶಿಷ್ಯರು, ಮರದ ಹೊಟ್ಟು ಹರಡಿದ ಒಂದು ಅಂಗಳ, ಅದರ ನಡುವೆ ನಾನು. ನನ್ನ ಧ್ವನಿಗೆ ಬೇಲಿಯಾಚೆಯ ಹಾಲಿನವನ ಸೈಕಲ್ಲೂ ತಾನಾಗಿ ನಿಲ್ಲುತ್ತದೆ.

ಈಗ ಮುಖ್ಯ ಅಂಕ. ನಿನ್ನ ಅತ್ತಿಗೆ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದಳು. ಮೂವತ್ತೊಂದು ವರ್ಷ ರೋಗಿಗಳನ್ನು ಎತ್ತಿ ಇಳಿಸಿ ಅವಳ ಸೊಂಟ ಸವೆದಿದೆ. ನನ್ನ ಜೀನು ಅವಳಿಗೆ ಕಲ್ಲುಬೆಂಚಿನಂತಾಗುತ್ತದಂತೆ. "ಜೀನು ಬೇಡ ರೀ, ಕುದುರೆ ಬೆಚ್ಚಗಿದೆ, ಅದರ ಬೆನ್ನ ಮೇಲೇ ಕೂರ್ತೀನಿ. ಆದ್ರೆ ಜಾರಬಾರದು, ಅಷ್ಟೇ" ಎನ್ನುತ್ತಾಳೆ. ಐವತ್ತೊಂಬತ್ತು ವರ್ಷದ ಬಾಳಿನಲ್ಲಿ ತನಗಾಗಿ ಆಕೆ ಕೇಳಿದ ಮೊದಲ ವಸ್ತು ಇದು. ಬರಿಬೆನ್ನಿನ ಸವಾರಿಗೆ ಕಟ್ಟುವ ಮೆತ್ತೆಯೊಂದು ಬೇಕು. ಅಂಗಡಿಯವು ನೂರು ಬಗೆ ಇವೆ, ಒಂದೂ ನಂಬಿಕೆ ಹುಟ್ಟಿಸುವುದಿಲ್ಲ. ಹೊಲಿದರೆ ನೀನೇ ಹೊಲಿಯಬೇಕು.

ಹಿಂದಿನ ಕಾಗದದಲ್ಲಿ ನೀನು ನನ್ನ ಮೊಣಕಾಲಿನ ಬಗ್ಗೆ ಕೇಳಿದ್ದೆ. ಕಬ್ಬಿಣ! ಇಂದಿಗೂ ಒಂದೇ ನೆಗೆತಕ್ಕೆ ಕುದುರೆ ಮೇಲೆ!

ಸಿಂಹಾಸನವಿಲ್ಲದಿದ್ದರೂ ಮಹಾರಾಜನೇ ಆದ
ನಿನ್ನ ಅಣ್ಣ

*

ಜನವರಿ 20

ಅಣ್ಣ,

ನಿನ್ನ ಕಾಗದ ಓದುವಾಗಲೂ ಕಿವಿ ಮುಚ್ಚಿಕೊಳ್ಳಬೇಕಾಯಿತು.

ಅತ್ತಿಗೆಗೆ ಖಂಡಿತ ಹೊಲಿದುಕೊಡುತ್ತೇನೆ. ಆದರೆ ಮೆತ್ತೆ ಆರಿಸುವುದು ಚಪ್ಪಲಿ ಆರಿಸಿದ ಹಾಗೆ. ಅಂಗಡಿಯಲ್ಲಿ ಮೆತ್ತಗಿರುವುದೆಲ್ಲ ದಾರಿಯಲ್ಲಿ ಮೆತ್ತಗಿರುವುದಿಲ್ಲ. ದಪ್ಪ ಸ್ಪಂಜಿನದು ಕೂತ ಗಳಿಗೆ ಸುಖ, ಕುದುರೆ ತಿರುಗಿದ ಗಳಿಗೆ ಉರುಳು. ನಾನು ಅಡಿಗೆ ಒತ್ತಿದ ಉಣ್ಣೆ ಹಾಕುತ್ತೇನೆ, ಅದು ಕುದುರೆಯ ಕೂದಲನ್ನು ಕಚ್ಚಿ ಹಿಡಿಯುತ್ತದೆ. ಮೇಲೆ ಒರಟು ತೊಗಲು, ತೊಡೆ ಜಾರದಂತೆ. ಬೆನ್ನುಮೂಳೆಯ ಮೇಲೆ ಭಾರ ಬೀಳದಂತೆ ನಡುವೆ ಒಂದು ಕಾಲುವೆ. ಹೊಟ್ಟೆಪಟ್ಟಿ ಅಗಲವಾಗಿರುತ್ತದೆ, ಎರಡೂ ಕಡೆ ಎರಡೆರಡು ಬಕಲು. ಮುಂದೆ ಕೈಗೆ ಸಿಗುವಂತೆ ಒಂದು ಹಿಡಿ.

ಯಾವ ಕುದುರೆ? ಒಂದು ಮೆತ್ತನೆಯ ತಂತಿಯನ್ನು ಅದರ ಬೆನ್ನಿನ ಮೇಲೆ ಅಡ್ಡಲಾಗಿ ಬಾಗಿಸಿ, ಆ ಗೆರೆಯನ್ನು ಕಾಗದದ ಮೇಲೆ ಎಳೆದು ಕಳಿಸು.

ಇನ್ನೊಂದು ಮಾತು. ಇದನ್ನು ನಗುತ್ತ ಓದಬೇಡ. ಮೆತ್ತೆಗೆ ಕಾಲಿಡುವ ರಿಕಾಪು ಕಟ್ಟಬಾರದು. ಜೀನಿನೊಳಗೆ ಮರದ ಚೌಕಟ್ಟಿರುತ್ತದೆ, ಒಂದು ಕಾಲಿನ ಭಾರವನ್ನು ಅದು ಎರಡೂ ಬದಿಗೆ ಹಂಚುತ್ತದೆ. ಮೆತ್ತೆಗೆ ಎಲುಬಿಲ್ಲ. ಒಂದು ರಿಕಾಪಿನ ಮೇಲೆ ಭಾರ ಬಿಟ್ಟರೆ ಇಡೀ ಮೆತ್ತೆ ಸುತ್ತಿಕೊಂಡು ಹೊಟ್ಟೆಯಡಿಗೆ ಹೋಗುತ್ತದೆ. ಹತ್ತುವುದಕ್ಕೆ ಮೂರು ಮೆಟ್ಟಿಲಿನ ಸ್ಟೂಲೊಂದು ಮಾಡಿಸು. ಅತ್ತಿಗೆಗೂ, ನಿನಗೂ.

ಸೂಜಿ

*

ಫೆಬ್ರವರಿ 2

ಸೂಜಿಗಿಂತ ಚೂಪಾದ ತಂಗಿಯೇ,

ನಿನ್ನ ಕಾಗದವನ್ನು ಅತ್ತಿಗೆಗೆ ಅಭಿನಯಸಹಿತ ಓದಿ ತೋರಿಸಿದೆ. "ಅವರು ಎರಡು ಮಾತಲ್ಲಿ ಹೇಳಿದ್ದನ್ನ ನೀವು ಇಪ್ಪತ್ತು ನಿಮಿಷ ಓದಿದ್ರಿ" ಎಂದಳು. ಬೆನ್ನಿನ ಗೆರೆ ಎಳೆದ ಕಾಗದ ಇದರೊಂದಿಗಿದೆ. ಹಿಂಬದಿ ತಿರುಗಿಸಿ ನೋಡು, ಅಪ್ಪನ ನಾಟಕ ಕಂಪನಿಯ ಹಳೇ ಜಾಹೀರಾತು! "ನಿಜವಾದ ಕುದುರೆಯೇರಿ ಮಹಾರಾಜನ ಪ್ರವೇಶ" ಎಂದು ದಪ್ಪ ಅಕ್ಷರದಲ್ಲಿದೆ. ಆ ಮಹಾರಾಜ ಯಾರು? ಸದ್ಯ ನಿನಗೆ ಕಾಗದ ಬರೆಯುತ್ತಿರುವವನೇ!

ಕುದುರೆಯ ಹೆಸರು ಪೀಪಾಯಿ. ಹೆಸರಿಗೆ ತಕ್ಕ ಹೊಟ್ಟೆ, ಹೊಟ್ಟೆಗೆ ತಕ್ಕ ನಿಧಾನ.

ಆದರೆ ಸ್ಟೂಲು? ನಾನು? ಚಪ್ಪಾಳೆಯ ನಡುವೆ ಒಂದೇ ನೆಗೆತಕ್ಕೆ ಕುದುರೆಯೇರಿದವನು ಹನ್ನೆರಡು ಶಿಷ್ಯರ ಮುಂದೆ ಗೋಡೆಗೆ ಬಣ್ಣ ಬಳಿಯುವವನಂತೆ ಸ್ಟೂಲು ಹತ್ತಲೇ? ಅತ್ತಿಗೆಯನ್ನು ನಾನು ಕೈಯಾರೆ ಎತ್ತಿ ಕೂರಿಸುತ್ತೇನೆ. ಸ್ಟೂಲಿನ ಪಾತ್ರವನ್ನು ಈ ನಾಟಕದಿಂದ ತೆಗೆದುಹಾಕಲಾಗಿದೆ.

ಅಣ್ಣ

*

ಫೆಬ್ರವರಿ 26

ಅಣ್ಣ,

ಮೆತ್ತೆ ಇವತ್ತು ಪಾರ್ಸೆಲ್ಲಿಗೆ ಕೊಟ್ಟೆ. ಅಂಚಿಗೆಲ್ಲ ಜೋಡಿ ಸೂಜಿ ಹೊಲಿಗೆ, ಒಂದೇ ದಾರ, ಎರಡು ಕಡೆಯಿಂದ. ನೆನಪಿದೆಯೇ, ಪರದೆಯ ಹಿಂದೆ ಕೂತು ನಿನಗೆ ಕಲಿಸಿದ್ದು? ಒಂದು ಹೊಲಿಗೆ ಕಡಿದರೂ ಪಕ್ಕದ್ದು ಬಿಡುವುದಿಲ್ಲ.

ನನ್ನ ಕಾಗದಗಳನ್ನು ನೀನು ಎಲ್ಲೆಲ್ಲೋ ಇಡುತ್ತೀಯ. ಅದಕ್ಕೆ ಎಡ ಬಕಲಿನ ಪಕ್ಕ ಒಂದು ಬಿಳಿ ಬಟ್ಟೆಯ ಚೂರು ಹೊಲಿದಿದ್ದೇನೆ, "ರಿಕಾಪು ಬೇಡ" ಎಂದು ಕೆಂಪು ದಾರದಲ್ಲಿ. ನಗಬೇಡ ಎಂದೆನಲ್ಲ.

ಒಂದು ಸಂತೋಷದ ಸುದ್ದಿ. ನಡೆಯಲಾರದ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ಚಿಕಿತ್ಸೆ ಕೊಡುವ ಕೇಂದ್ರವೊಂದು ಇಲ್ಲಿದೆ. ಅವರಿಗೆ ಇಂಥವೇ ಎಂಟು ಮೆತ್ತೆ ಬೇಕಂತೆ. ಇಷ್ಟು ವರ್ಷ ಚೀಲ, ಪಟ್ಟಿ, ಲಗಾಮು ಹೊಲಿದ ಕೈಗೆ ಮೊದಲ ಸಲ ಮನಸ್ಸಿಗೆ ಹಿಡಿಸಿದ ಕೆಲಸ. ಅತ್ತಿಗೆ ಒಂದು ತಿಂಗಳು ಸವಾರಿ ಮಾಡಿ ಸರಿಯಿದೆ ಎಂದಮೇಲೆ ಕತ್ತರಿ ಹಿಡಿಯುತ್ತೇನೆ ಎಂದು ಅವರಿಗೆ ಹೇಳಿದ್ದೇನೆ. ಹೇಗಿದೆ ಎಂದು ಬೇಗ ಬರೆ.

ಸೂಜಿ

*

ಮಾರ್ಚ್ 15

ತಂಗಿ,

ಭಾನುವಾರ ಅತ್ತಿಗೆ ಬಿದ್ದಳು. ಹೆದರಬೇಡ, ಪ್ರಾಣಕ್ಕೆ ಅಪಾಯವಿಲ್ಲ. ಕತ್ತಿನ ಕೆಳಗಿನ ಎಲುಬು ಮುರಿದಿದೆ, ಎಡಗಾಲಿನ ಗಿಣ್ಣು ಉಳುಕಿದೆ.

ಯಾರೋ ಬಕೆಟ್ಟು ಬೀಳಿಸಿದರು. ಪೀಪಾಯಿ ಬೆದರಿ ಪಕ್ಕಕ್ಕೆ ಹಾರಿತು. ಮೆತ್ತೆ ಜಾರಿ ಹೊಟ್ಟೆಯಡಿಗೆ ಹೋಯಿತು. ಕುದುರೆ ಅವಳನ್ನು ಎಂಟು ಹತ್ತು ಹೆಜ್ಜೆ ಎಳೆದುಕೊಂಡು ಹೋಯಿತು. ನಾನು ಸಿಂಹದಂತೆ ಗರ್ಜಿಸಿದೆ, ಆ ಧ್ವನಿಗೆ ಕುದುರೆ ಕಂಬದಂತೆ ನಿಂತಿತು.

ಹೊಲಿಗೆಯಲ್ಲೋ ಪಟ್ಟಿಯಲ್ಲೋ ಏನೋ ಎಡವಟ್ಟಾಗಿರಬೇಕು. ಎಂಥ ಕೈಯೂ ಒಮ್ಮೆ ತಪ್ಪುತ್ತದೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾನಂತೂ ನಿನ್ನ ಮೇಲೆ ಕೋಪಿಸಿಕೊಂಡಿಲ್ಲ.

ಅಣ್ಣ

*

ಮಾರ್ಚ್ 22

ಅಣ್ಣ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಅತ್ತಿಗೆಗೆ ಬೇರೆ ಕಾಗದ ಬರೆದಿದ್ದೇನೆ, ಕ್ಷಮೆ ಕೇಳಿ. ಕೊಡು.

ನನಗೆ ಅರ್ಥವಾಗದ್ದು ಒಂದಿದೆ. ಮೆತ್ತೆ ಜಾರಿದರೆ ಸವಾರಳು ಬೀಳುತ್ತಾಳೆ, ನಿಜ. ಆದರೆ ಎಳೆದುಕೊಂಡು ಹೋಗುವುದು ಹೇಗೆ? ಕಾಲು ಸಿಕ್ಕಿಕೊಳ್ಳಲು ಅಲ್ಲಿ ಏನಿತ್ತು? ರಿಕಾಪು ಕಟ್ಟಿರಲಿಲ್ಲ ತಾನೇ? ಸಂಶಯದಿಂದ ಕೇಳುತ್ತಿಲ್ಲ. ಪಟ್ಟಿಯ ತುದಿ ಉದ್ದ ಬಿಟ್ಟು ನಾನೇ ಕುಣಿಕೆಯಾಗುವಂತೆ ಮಾಡಿದೆನೋ ಏನೋ.

ಮೆತ್ತೆಯನ್ನು ಹೇಗಿದೆಯೋ ಹಾಗೇ ಕಳಿಸು. ಎಲ್ಲಿ ತಪ್ಪಿದೆ ಎಂದು ನೋಡುವವರೆಗೆ ಮಕ್ಕಳ ಕೇಂದ್ರದ ಕೆಲಸಕ್ಕೆ ಕೈ ಹಾಕಲಾರೆ. ತಿಂಗಳ ಸಮಯ ಕೇಳಿದ್ದೇನೆ.

ನೀನು ಕೋಪಿಸಿಕೊಳ್ಳದೆ ಬರೆದೆ. ನಿನ್ನ ದೊಡ್ಡ ಮನಸ್ಸು.

ಸೂಜಿ

*

ಏಪ್ರಿಲ್ 11

ಪ್ರೀತಿಯ ತಂಗಿ,

ರಿಕಾಪೇ? ಛೇ ಛೇ! ರಾಜಾಜ್ಞೆಯಂತೆ ಕೆಂಪು ದಾರದಲ್ಲಿ ಬರೆದ ಮಾತನ್ನು ಮೀರುವವನೇ ನಾನು?

ಮೆತ್ತೆ ಈಗಿಲ್ಲ. ಅಂದು ನನ್ನ ಕಣ್ಣು ಕೆಂಡವಾಗಿತ್ತು. ಹೆಂಡತಿಯನ್ನು ಕೆಡವಿದ ವಸ್ತು ನನ್ನ ಲಾಯದಲ್ಲಿ ಇರಬಾರದೆಂದು ಬೆಂಕಿಗೆ ಹಾಕಿದೆ. ಉಣ್ಣೆ ಉರಿಯುವಾಗ ಎಂಥ ಹೊಗೆ, ಎಂಥ ನಾತ! ಶಿಷ್ಯರೆಲ್ಲ ಮೂಗು ಮುಚ್ಚಿಕೊಂಡು ನಿಂತಿದ್ದರು.

ಆದದ್ದಾಯಿತು. ಹಳೇ ಅಂಕವನ್ನು ಮತ್ತೆ ಮತ್ತೆ ಆಡಬಾರದು. ಅತ್ತಿಗೆ ಚೇತರಿಸಿಕೊಳ್ಳುತ್ತಿದ್ದಾಳೆ. ನಿನ್ನ ಕಾಗದ ಕೊಟ್ಟೆ. ಭುಜದ ನೋವಿನಿಂದ ಉತ್ತರ ಬರೆಯಲು ಆಗುತ್ತಿಲ್ಲ, ಅಷ್ಟೇ.

ಅಣ್ಣ

*

ಮೇ 6

ಅಣ್ಣ,

ಅತ್ತಿಗೆಗೆ ಮುರಿದದ್ದು ಎಡಗಡೆಯ ಎಲುಬು ಎಂದು ಆಸ್ಪತ್ರೆಯ ಅವರ ಗೆಳತಿಯ ಕಾಗದದಿಂದ ತಿಳಿಯಿತು. ಬರೆಯುವುದು ಬಲಗೈಯಲ್ಲಿ. ಇರಲಿ, ಅವರಿಗೆ ಬರೆಯಲು ಮನಸ್ಸಿಲ್ಲ. ನಾನು ಅವರ ಜಾಗದಲ್ಲಿದ್ದರೂ ಬರೆಯುತ್ತಿರಲಿಲ್ಲ.

ನಿಮಗೆ ಹೊಲಿದು ಕಳಿಸಿದಂಥದೇ ಇನ್ನೊಂದು ಮೆತ್ತೆ ಮಾಡಿ, ಮರದ ಪೀಪಾಯಿಯೊಂದಕ್ಕೆ ಕಟ್ಟಿ, ಎಡಕ್ಕೂ ಬಲಕ್ಕೂ ಎಳೆದು ನೋಡಿದೆ. ಪಕ್ಕದ ಬಡಗಿ ಕೂಡ ಎಳೆದ. "ಅಕ್ಕಾ, ಇದು ಜಾರಲ್ಲ, ನಾನೇ ಜಾರ್ತಿದೀನಿ" ಎಂದು ನನ್ನ ಕಿವಿಯ ಹತ್ತಿರ ಕೂಗಿ ನಕ್ಕ. ನನಗೆ ನಗು ಬರಲಿಲ್ಲ. ಹೊಲಿಗೆ ಬಿಚ್ಚಿ ಒಳಗೆ ನೋಡಿದೆ. ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ತಿದ್ದಿಕೊಳ್ಳುತ್ತಿದ್ದೆ. ಸಿಗದ ತಪ್ಪನ್ನು ಏನು ಮಾಡಲಿ?

ಮಕ್ಕಳ ಕೇಂದ್ರಕ್ಕೆ ಹೋಗಿ ನನ್ನಿಂದಾಗದು ಎಂದು ಹೇಳಿ ಬಂದೆ. ಕತ್ತಿನ ಬಲವೇ ಇಲ್ಲದ ಒಂದು ಹೆಣ್ಣುಮಗು ಅಲ್ಲಿ ಕುದುರೆಯ ಮೇಲೆ ಕೂತು ನನ್ನನ್ನು ನೋಡಿ ನಕ್ಕಿತು. ಅದರ ಅಡಿಗೆ ನನ್ನ ಹೊಲಿಗೆ ಇಡಲು ಧೈರ್ಯ ಬರಲಿಲ್ಲ. ಬೇರೆಯವರಿಗೆ ಕೆಲಸ ಕೊಟ್ಟಿದ್ದಾರೆ. ನಾನು ಈಗ ಚೀಲಕ್ಕೆ ಹಿಡಿ ಹೊಲಿಯುತ್ತಿದ್ದೇನೆ. ಚೀಲ ಬಿದ್ದರೆ ಯಾರ ಎಲುಬೂ ಮುರಿಯುವುದಿಲ್ಲ.

ಸೂಜಿ

*

ಮೇ 14

ಸೂಜಿ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮೆತ್ತೆ ಸುಟ್ಟಿಲ್ಲ. ಹುಲ್ಲಿನ ಕೋಣೆಯಲ್ಲಿ, ನಾಟಕದ ಹಳೇ ಪೆಟ್ಟಿಗೆಯೊಳಗೆ, ಕಿರೀಟದ ಕೆಳಗೆ ಇದೆ. ಅದರ ಎರಡೂ ಬದಿಗೆ ರಿಕಾಪು ನೇತಾಡುತ್ತಿದೆ. ಹೊಲಿದವನು ನಾನು.

ನನ್ನ ಮೊಣಕಾಲು ಕಬ್ಬಿಣವಲ್ಲ. ಒಂದು ವರ್ಷದಿಂದ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ. ಜೀನಿದ್ದಾಗ ರಿಕಾಪಿನ ಆಸರೆಯಿಂದ ಹೇಗೋ ಏರಿ, ಮೇಲೆ ಕೂತು, ಆಮೇಲೆ ಗರ್ಜಿಸುತ್ತಿದ್ದೆ. ನಿನ್ನ ಮೆತ್ತೆ ಬಂದ ದಿನ ಶಿಷ್ಯರು ಸುತ್ತ ನಿಂತು, "ಗುರುಗಳೇ, ನೀವು ಒಂದ್ಸಲ ಹತ್ತಿ ತೋರ್ಸಿ" ಎಂದರು. "ನಾಳೆ" ಎಂದೆ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಎರಡು ತೊಗಲಿನ ಪಟ್ಟಿ ಹೊಲಿದು ರಿಕಾಪು ತೂಗಿಸಿದೆ. ಕೆಂಪು ದಾರದ ಬಟ್ಟೆಚೂರು ಎದುರಿಗೇ ಇತ್ತು. ಬ್ಲೇಡಿನಿಂದ ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಮರುದಿನ ಪೀಪಾಯಿಯನ್ನು ಬೇಲಿಗೆ ಒತ್ತಿ ನಿಲ್ಲಿಸಿ ಏರಿದೆ. ಮೆತ್ತೆ ಒಂದು ಗೇಣು ಸರಿಯಿತು. ತೊಡೆಯಿಂದ ಸರಿಪಡಿಸಿಕೊಂಡೆ. ಚಪ್ಪಾಳೆ ತಟ್ಟಿದರು. ಅಯ್ಯೋ, ಆ ಚಪ್ಪಾಳೆ ಎಷ್ಟು ಹಿತವಾಗಿತ್ತು ಗೊತ್ತೇ!

ಭಾನುವಾರ ಅತ್ತಿಗೆ ಅದನ್ನು ನೋಡಿದಳು. "ಇದೇನ್ರೀ, ರಿಕಾಪು ಬೇಡ ಅಂತ ನಿಮ್ಮ ತಂಗಿ ಬರೆದಿದ್ರಲ್ಲ?" ಎಂದು ಕೇಳಿದಳು. "ವಯಸ್ಸಾದವರಿಗೆ ಇರಲಿ ಅಂತ ಆಮೇಲೆ ಅವಳೇ ಹೊಲಿದು ಕಳಿಸಿದ್ದು" ಎಂದೆ. ನಾಲಿಗೆ ತಡವರಿಸಲೂ ಇಲ್ಲ. ನೂರು ನಾಟಕ ಆಡಿದ ನಾಲಿಗೆ. ಅವಳು ನಂಬಿ ಕಾಲಿಟ್ಟಳು.

ಕುದುರೆ ಬೆದರಿದಾಗ ಎಡಗಾಲಿಗೆ ಭಾರ ಬಿಟ್ಟಳು. ನೀನು ಬರೆದಿದ್ದೆಯಲ್ಲ, ಅಕ್ಷರಕ್ಷರ ಹಾಗೇ ಆಯಿತು. ಕಾಲು ಸಿಕ್ಕಿಕೊಂಡಿತು. ನಾನು ಗರ್ಜಿಸಿದೆ ಎಂದು ಬರೆದೆ. ಸುಳ್ಳು. ಬಾಯಿ ತೆರೆದೆ, ಗಾಳಿ ಕೂಡ ಹೊರಬರಲಿಲ್ಲ. ಪೀಪಾಯಿ ತಾನಾಗಿ ನಿಂತಿತು. ನನಗಿಂತ ಅದಕ್ಕೆ ಬುದ್ಧಿಯಿತ್ತು.

ಇದನ್ನು ಮಡಿಸಿ ಪೆಟ್ಟಿಗೆಗೆ ಹಾಕುತ್ತೇನೆ. ನಿನ್ನ ಚೀಲದ ಹಿಡಿಗಳ ವಿಷಯ ಓದಿದಮೇಲೂ ಹಾಕುತ್ತೇನೆ. ಅಂಥವನು ನಿನ್ನ ಅಣ್ಣ.

*

ಜುಲೈ 2

ಸೂಜಿ,

ಪಾರ್ಸೆಲ್ಲಿನಲ್ಲಿ ಮೆತ್ತೆ ಇದೆ. ರಿಕಾಪು ಬಿಚ್ಚಿಲ್ಲ, ಹೇಗಿತ್ತೋ ಹಾಗೇ ಇದೆ. ಮೇ ತಿಂಗಳ ಕಾಗದವೂ ಇದೆ. ಅದನ್ನು ಮೊದಲು ಓದು.

ಈಗ ಏಕೆ ಕಳಿಸಿದೆ ಎಂದು ಕೇಳುತ್ತೀಯ. ನಿನ್ನೆ ಹೊಸ ಶಿಷ್ಯೆಯೊಬ್ಬಳು ಅತ್ತಿಗೆಯನ್ನು, "ಬರಿಬೆನ್ನಿಗೆ ಮೆತ್ತೆ ತಗೋಬೇಕು ಆಂಟಿ, ಯಾರು ಚೆನ್ನಾಗಿ ಹೊಲೀತಾರೆ?" ಎಂದು ಕೇಳಿದಳು. ಅತ್ತಿಗೆ, "ಯಾರ ಹತ್ರ ಆದ್ರೂ ತಗೋ, ನನ್ನ ನಾದಿನಿ ಹತ್ರ ಮಾತ್ರ ಬೇಡ. ಕಿವಿ ಹೋಯ್ತು ಅಂದ್ಕೊಂಡಿದ್ದೆ, ಕಣ್ಣೂ ಹೋಗಿದೆ, ಪಾಪ" ಎಂದಳು. ಎಲ್ಲರೂ ನಕ್ಕರು. ನಾನು ಅಲ್ಲೇ ಲಗಾಮು ಹಿಡಿದು ನಿಂತಿದ್ದೆ. ನಾನೂ ನಕ್ಕೆ.

ಆ ನಗುವಿನ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಕೆಂಪು ದಾರದ ಬಟ್ಟೆಚೂರು ಲಕೋಟೆಯಲ್ಲಿದೆ.

*

ಜುಲೈ 13

ಅಣ್ಣ,

ಮೆತ್ತೆ ಬಂತು. ನಿನ್ನ ಎರಡು ಕಾಗದ ಓದಿದೆ. ಆಮೇಲೆ ಮೆತ್ತೆಯನ್ನು ಮೇಜಿನ ಮೇಲೆ ಹರಡಿ ದೀಪ ಹಚ್ಚಿ ಹೊಲಿಗೆ ನೋಡಿದೆ, ನನ್ನದೂ ನಿನ್ನದೂ.

ನಿನ್ನ ಹೊಲಿಗೆ ತುಂಬಾ ಚೆನ್ನಾಗಿದೆ. ನಾನೇ ಕಲಿಸಿದ ಜೋಡಿ ಸೂಜಿ ಹೊಲಿಗೆ, ಒಂದೂ ಸಡಿಲಾಗಿಲ್ಲ. ಕೆಟ್ಟದಾಗಿ ಹೊಲಿದಿದ್ದರೆ ಒಳ್ಳೆಯದಿತ್ತು. ಅತ್ತಿಗೆ ಕಾಲಿಟ್ಟ ಮೊದಲ ಕ್ಷಣಕ್ಕೇ ಕಿತ್ತುಬರುತ್ತಿತ್ತು. ಅವರು ನೆಲಕ್ಕೆ ಕಾಲೂರಿ, ನಿನ್ನನ್ನು ಬೈದು, ಮನೆಗೆ ಹೋಗುತ್ತಿದ್ದರು. ನಲವತ್ತು ವರ್ಷದಲ್ಲಿ ನಾನು ಕಲಿಸಿದ್ದರಲ್ಲಿ ಒಂದನ್ನಾದರೂ ನೀನು ಮರೆಯದೆ ಮಾಡಿದೆ.

ಕೇಂದ್ರದ ಎಂಟು ಮೆತ್ತೆ ಬೇರೆಯವರು ಹೊಲಿದು ಕೊಟ್ಟಾಯಿತು. ಅದನ್ನು ನೀನು ಹಿಂದಕ್ಕೆ ತರಲಾರೆ, ನಾನೂ ತರಲಾರೆ. ಸುಮಾರು ನಾಲ್ಕು ತಿಂಗಳು ನನ್ನ ಕೈಯನ್ನು ನಾನೇ ಕಳ್ಳನ ಕೈಯಂತೆ ನೋಡಿದೆ. ಅದೂ ಹಿಂದಕ್ಕೆ ಬರುವುದಿಲ್ಲ.

ನನ್ನ ಹತ್ತಿರ ಕ್ಷಮೆ ಕೇಳಿ ಕಾಗದ ಬರೆಯಬೇಡ. ನೀನು ಬರೆದರೆ ಚೆನ್ನಾಗಿರುತ್ತದೆ, ಓದಿದರೆ ನಾನು ಅಳುತ್ತೇನೆ, ಅಲ್ಲಿಗೆ ನಾಟಕ ಮುಗಿಯುತ್ತದೆ. ಅದು ಬೇಡ. ಅತ್ತಿಗೆಗೆ ಹೇಳು. ಅವರು ನಕ್ಕ ಜಾಗದಲ್ಲೇ, ನಕ್ಕವರ ಎದುರಿಗೇ ಹೇಳು. ಆ ದೊಡ್ಡ ಧ್ವನಿಯಲ್ಲಿ ಬೇಡ. ಕುದುರೆ ಎಳೆದುಕೊಂಡು ಹೋಗುವಾಗ ನಿನಗೆ ಉಳಿದಿತ್ತಲ್ಲ, ಆ ಧ್ವನಿಯಲ್ಲಿ ಹೇಳು.

ಸೂಜಿ

*

ಜುಲೈ 24

ಸೂಜಿ,

ಹೇಳಿದೆ.

ಶನಿವಾರ ಬೆಳಿಗ್ಗೆ, ಎಲ್ಲರೂ ಕುದುರೆಗಳ ಮೈ ಉಜ್ಜುತ್ತಿರುವಾಗ. ಹಿಂದೆ ನಿಂತಿದ್ದವರು, "ಗುರುಗಳೇ, ಕೇಳಿಸ್ತಿಲ್ಲ" ಎಂದರು. ನನಗೆ ಯಾರೂ ಹಾಗೆ ಅಂದದ್ದು ಅದೇ ಮೊದಲು. ಇನ್ನೊಮ್ಮೆ ಹೇಳಿದೆ. ಮೊಣಕಾಲು, ಬಾಗಿಲು ಹಾಕಿಕೊಂಡು ಹೊಲಿದದ್ದು, ನಿನ್ನ ಹೆಸರು ಹೇಳಿದ್ದು, ಬಾಯಿಂದ ಗಾಳಿ ಬಾರದೆ ನಿಂತದ್ದು. ನಕ್ಕದ್ದನ್ನೂ ಹೇಳಿದೆ.

ಅತ್ತಿಗೆ ಕೈಯಲ್ಲಿದ್ದ ಬ್ರಷ್ಷನ್ನು ಬಕೆಟ್ಟಿನೊಳಗೆ ಇಟ್ಟಳು. "ಆ ಹುಡುಗಿ ಮುಂದೆ ಅವರಿಗೆ ಕಣ್ಣಿಲ್ಲ ಅಂದೆನಲ್ರೀ ನಾನು" ಎಂದಳು. ಅಷ್ಟೇ. ತನ್ನ ಎಲುಬಿನ ಮಾತೇ ಎತ್ತಲಿಲ್ಲ. ಆವತ್ತಿನಿಂದ ನಾನು ಕೇಳಿದ್ದಕ್ಕೆ ಹೌದು, ಇಲ್ಲ ಎನ್ನುತ್ತಾಳೆ.

ಇಬ್ಬರು ಶಿಷ್ಯರು ಶಾಲೆ ಬಿಟ್ಟರು. ಉಳಿದವರು ನನ್ನ ಕಣ್ಣು ತಪ್ಪಿಸುತ್ತಾರೆ. ಬಡಗಿಯಿಂದ ಮೂರು ಮೆಟ್ಟಿಲಿನ ಸ್ಟೂಲು ಮಾಡಿಸಿದೆ. ಅದರ ಮೇಲೆ ನಿಂತು ಕುದುರೆ ಏರುತ್ತೇನೆ, ಎಲ್ಲರೂ ನೋಡುತ್ತಿರುವಾಗ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ತಟ್ಟಬಾರದು.

ಅತ್ತಿಗೆ ನನ್ನ ಕೈಯಿಂದ ಪೆನ್ನು ಕೇಳುತ್ತಿದ್ದಾಳೆ. ಕೆಳಗಿನದು ಅವಳ ಬರಹ. ನಾನು ಓದುವುದಿಲ್ಲ.

ಅಣ್ಣ

ನಾದಿನಿಯವರಿಗೆ,

ನೀವು ಮಾರ್ಚಿನಲ್ಲಿ ಕ್ಷಮೆ ಕೇಳಿ ಬರೆದ ಕಾಗದವನ್ನು ನಾನು ಓದದೆ ಒಲೆಗೆ ಹಾಕಿದ್ದೆ. ಅದರಲ್ಲಿ ಏನಿತ್ತು ಎಂದು ಈಗ ಕೇಳಲೂ ಮುಖವಿಲ್ಲ. ನಿಮ್ಮಲ್ಲಿ ಮೆತ್ತೆ ಕೊಳ್ಳಬೇಡ ಎಂದು ನಾನು ಹೇಳಿದ್ದ ಹುಡುಗಿಗೆ ನಿಮ್ಮ ವಿಳಾಸ ಬರೆದುಕೊಟ್ಟಿದ್ದೇನೆ.

ಮನಸ್ಸಿದ್ದರೆ ನನಗೂ ಇನ್ನೊಂದು ಹೊಲಿಯಿರಿ. ಎಡ ಬಕಲಿನ ಪಕ್ಕ ಆ ಬಿಳಿ ಬಟ್ಟೆ ಇರಲಿ, ಈ ಸಲ ಸ್ವಲ್ಪ ದೊಡ್ಡದಾಗಿ. ಪೀಪಾಯಿಯ ಬೆನ್ನಿನ ಗೆರೆ ಒಳಗಿದೆ. ಇದನ್ನು ನಾನೇ ಅಳೆದೆ. ಇವರು ಪಕ್ಕದಲ್ಲಿ ಸ್ಟೂಲು ಹಿಡಿದುಕೊಂಡು ನಿಂತಿದ್ದರು.